ಚೀಟಿಗೆ ಕಾಯುವ ಮೂರನೆಯವಳು

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಆರಂಭವಾಯಿತು. ಈಗ ಪ್ರತಿ ದೇಶದಿಂದ ಗರಿಷ್ಠ ಆರು ವಿದ್ಯಾರ್ಥಿಗಳು ಹೋಗುತ್ತಾರೆ. ಅವರನ್ನು ತಂಡ ಎಂದೇ ಕರೆದರೂ ಪರೀಕ್ಷೆಯ ಎರಡೂ ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಬ್ಬೊಬ್ಬರೂ ಪ್ರತ್ಯೇಕವಾಗಿ ಕುಳಿತು ಬರೆಯುತ್ತಾರೆ. ಪ್ರೌಢಶಾಲೆಯಲ್ಲಿ ನಾನು ಭಾಗವಹಿಸಿದ ಸ್ಪರ್ಧೆ ಅಂಥದ್ದಲ್ಲ. ಅಲ್ಲಿ ಒಬ್ಬರ ಉತ್ತರವಿಲ್ಲದೆ ಇನ್ನೊಬ್ಬರ ಲೆಕ್ಕ ಮುಗಿಯುತ್ತಿರಲಿಲ್ಲ.

ನನಗೆ ಅತ್ಯಂತ ಪ್ರಿಯವಾಗಿದ್ದದ್ದು ರಿಲೇ ಸುತ್ತು. ಮೂವರು ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳಬೇಕು, ಮಾತನಾಡುವಂತಿಲ್ಲ. ಮೊದಲನೆಯವರು ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದು ಹಿಂದಕ್ಕೆ ಕೊಡುತ್ತಾರೆ. ಆ ಸಂಖ್ಯೆ ಸಿಕ್ಕಿದ ಮೇಲಷ್ಟೇ ಎರಡನೆಯವರ ಪ್ರಶ್ನೆ ಪೂರ್ಣವಾಗುತ್ತದೆ. ಅವರ ಉತ್ತರ ಬಂದ ಮೇಲೆ ಮೂರನೆಯವರದು. ನಾನು ಯಾವಾಗಲೂ ಮೂರನೆಯವಳು. ಕೊನೆಯ ಕುರ್ಚಿಯವರು ಸುಮ್ಮನೆ ಕಾಯುತ್ತಾರೆ ಎಂದು ನೋಡುವವರಿಗೆ ಅನ್ನಿಸಬಹುದು. ನಿಜವಾದ ಕೆಲಸವೆಲ್ಲ ನಡೆಯುವುದು ಆ ಕಾಯುವ ಹೊತ್ತಿನಲ್ಲೇ.

ಅಭ್ಯಾಸಕ್ಕೆ ನಾವೇ ಕಟ್ಟಿಕೊಂಡ ಒಂದು ಸರಣಿ ಹೀಗಿತ್ತು. 1ರಿಂದ 100ರವರೆಗೆ 2ರಿಂದಲೂ 5ರಿಂದಲೂ ಭಾಗವಾಗದ ಸಂಖ್ಯೆಗಳು ಎಷ್ಟು? ಬಂದ ಸಂಖ್ಯೆಯ ಎಲ್ಲ ಅಪವರ್ತನಗಳ ಮೊತ್ತ ಎಷ್ಟು? ಆ ಮೊತ್ತವೇ ಸುತ್ತಳತೆಯಾಗಿದ್ದು, ವಿಕರ್ಣ 41 ಇರುವ ಲಂಬಕೋನ ತ್ರಿಭುಜದ ವಿಸ್ತೀರ್ಣ ಎಷ್ಟು? ನನ್ನ ಪಾಲಿಗೆ ಬಂದದ್ದು ತ್ರಿಭುಜ. ಸುತ್ತಳತೆ ಇನ್ನೂ ಗೊತ್ತಿಲ್ಲ, ಅದು ‘ಸ’ ಎಂದಿರಲಿ. ಉಳಿದೆರಡು ಬಾಹುಗಳ ಮೊತ್ತ ಸ − 41. ಅದರ ವರ್ಗದಿಂದ 41ರ ವರ್ಗವನ್ನು ಕಳೆದರೆ ಆ ಬಾಹುಗಳ ಗುಣಲಬ್ಧದ ಎರಡರಷ್ಟು ಸಿಗುತ್ತದೆ. ವಿಸ್ತೀರ್ಣ ಅದರ ಕಾಲು ಭಾಗ, ಎಂದರೆ ಸ(ಸ − 82)/4. ಚೀಟಿ ಬರುವ ಮೊದಲೇ ಇಷ್ಟು ಸಿದ್ಧ.

ಇನ್ನೂ ಒಂದು ಸಂಗತಿ ಸಿದ್ಧವಿರುತ್ತದೆ. ವಿಕರ್ಣ 41 ಆದರೆ ಸುತ್ತಳತೆ 82ಕ್ಕಿಂತ ಹೆಚ್ಚು, 99ಕ್ಕಿಂತ ಕಡಿಮೆ ಇರಲೇಬೇಕು. ನನಗೆ ಬಂದ ಚೀಟಿಯಲ್ಲಿ 50 ಎಂದಿತ್ತು! ತ್ರಿಭುಜವೇ ಆಗದ ಸಂಖ್ಯೆ. ಹಿಂದಿನ ಕುರ್ಚಿಯಿಂದ ಮುಂದಕ್ಕೆ ಒಂದಕ್ಷರವನ್ನೂ ಹೇಳುವಂತಿಲ್ಲ, ಬೆನ್ನು ತಟ್ಟುವಂತಿಲ್ಲ. ತಿದ್ದಿದ ಚೀಟಿಯನ್ನು ಮತ್ತೆ ಕಳುಹಿಸಲು ಮುಂದಿನವರಿಗೆ ಮಾತ್ರ ಅವಕಾಶ. ಆ ಉತ್ತರವನ್ನು ಹಿಡಿದು ಮುಂದುವರಿಯದೆ ಪೆನ್ನು ಕೆಳಗಿಟ್ಟೆ. ಗೆಳತಿ ತಾನಾಗಿಯೇ ಲೆಕ್ಕವನ್ನು ಮತ್ತೆ ನೋಡಿ, ಮೊದಲ ಉತ್ತರವಾದ 40ರ ಅಪವರ್ತನಗಳಲ್ಲಿ ಬಿಟ್ಟಿದ್ದ 40ನ್ನೂ ಕೂಡಿಸಿ 90 ಎಂದು ಬರೆದು ಕಳುಹಿಸಿದಳು. 90 × 8 / 4 = 180. ಬರೆಯಲು ಕ್ಷಣವೂ ಹಿಡಿಯಲಿಲ್ಲ. ಕಳುಹಿಸಿದ ಮೇಲೂ ತನ್ನ ಲೆಕ್ಕವನ್ನು ಬಿಡದೆ ನೋಡುವ ಆ ಗುಣ ನನಗೆ ಇಂದಿಗೂ ದೊಡ್ಡದೆನಿಸುತ್ತದೆ. ತಂಡ ಆರಿಸುವಾಗ ವೇಗವನ್ನಷ್ಟೇ ಅಳೆಯುವ ಶಾಲೆಗಳು ಇಂಥವರನ್ನು ಕಳೆದುಕೊಳ್ಳುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಸಾಧನೆ, ಎಂದರೆ ಒಂದು ಹೇಳಿಕೆ ಏಕೆ ಸರಿ ಎಂದು ತೋರಿಸುವ ತರ್ಕ, ಬರೆಯುವ ಸುತ್ತು ಬೇರೆ ಬಗೆಯದು. ಅಲ್ಲಿ ಮಾತನಾಡಬಹುದು, ಜಗಳವನ್ನೂ ಆಡಬಹುದು. ಒಂದೇ ವಿಷಯದ ಮೇಲೆ ಹಲವು ಭಾಗಗಳ ಪ್ರಶ್ನೆ. ಹಿಂದಿನ ಭಾಗವನ್ನು ಸಾಧಿಸದಿದ್ದರೂ ಅದರ ಫಲಿತಾಂಶವನ್ನು ಮುಂದೆ ಬಳಸಬಹುದು. ಹಾಗಾಗಿ ಕೆಲಸ ಹಂಚಿಕೊಳ್ಳುವುದು ಸುಲಭ. ಒಮ್ಮೆ ಬಂದದ್ದು ಎರಡು ಸಾಲು ಚೌಕಗಳ ಹಲಗೆ: ಎರಡು ಚೌಕ ಮುಚ್ಚುವ ತುಂಡುಗಳಿಂದ ಅದನ್ನು ಎಷ್ಟು ವಿಧದಲ್ಲಿ ಮುಚ್ಚಬಹುದು? ಸಣ್ಣ ಹಲಗೆಗಳಿಗೆ 1, 2, 3, 5, 8 ಎಂದು ಬಂತು, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸಂಖ್ಯೆಗಳು. ಉದ್ದದ ಹಲಗೆಯ ಎಣಿಕೆಯನ್ನು ಎರಡು ಚಿಕ್ಕ ಹಲಗೆಗಳ ಎಣಿಕೆಗೆ ಜೋಡಿಸುವುದು ಮುಂದಿನ ಭಾಗ. ನಮ್ಮಲ್ಲಿ ಹೆಚ್ಚು ಮಾತನಾಡದ ಹುಡುಗ ಹಲಗೆಯನ್ನು ಎಡ, ಬಲ ಎಂದು ಎರಡಾಗಿಸುವಂತೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದ. ಗೆರೆಯನ್ನು ಯಾವ ತುಂಡೂ ದಾಟದಿದ್ದರೆ ಎರಡು ಹಲಗೆಗಳು ಬೇರೆ ಬೇರೆ. ದಾಟಿದರೆ ಎರಡು ತುಂಡುಗಳು ಒಟ್ಟಿಗೆ ದಾಟುತ್ತವೆ. ನಾನು ಖುಷಿಯಿಂದ ಬರೆಯತೊಡಗಿದೆ.

“ಒಂದೇ ತುಂಡು ದಾಟಿದರೆ?” ಎಂದು ಕೇಳಿದಳು ಅದೇ ಗೆಳತಿ.

ಎಲ್ಲರೂ ನಿಂತೆವು. ಗೆರೆಯ ಎಡಗಡೆ ಇರುವ ಚೌಕಗಳು ಸಮಸಂಖ್ಯೆಯವು. ಒಂದೇ ತುಂಡು ದಾಟಿದರೆ ಅಲ್ಲಿ ಉಳಿಯುವುದು ಬೆಸಸಂಖ್ಯೆ, ಅದನ್ನು ಎರಡೆರಡಾಗಿ ಮುಚ್ಚಲಾಗದು. ಈ ಎರಡು ವಾಕ್ಯಗಳಿಲ್ಲದಿದ್ದರೆ ಸಾಧನೆ ಅಪೂರ್ಣವಾಗುತ್ತಿತ್ತು. ಫಲಿತಾಂಶ ಪ್ರಕಟವಾಗುವವರೆಗೂ ನಾವು ಮೂರು ಸಾಲಿನ ಹಲಗೆಯ ಬಗ್ಗೆ ವಾದಿಸುತ್ತಿದ್ದೆವು. ಅಲ್ಲಿ ಬೆಸ ಸ್ಥಾನದಲ್ಲಿ ಗೆರೆ ಎಳೆದರೆ ಒಂದೋ ಒಂದೇ ತುಂಡು ದಾಟಬೇಕು, ಇಲ್ಲವೇ ಮೂರೂ ದಾಟಬೇಕು.