ಉಸಿರು ಎಳೆದುಕೊಳ್ಳಿ ಅನ್ನುವವರಿಗೆ

"ಮೇಷ್ಟ್ರೇ, ನಿಮಗೆ ಟೆನ್ಶನ್ ಆಗಲ್ವಾ? ಹೇಗೆ ನಿಭಾಯಿಸ್ತೀರಿ?"

ಇದನ್ನು ಕೇಳುವವರಲ್ಲಿ ಎರಡು ಬಗೆ. ಮೊದಲ ಬಗೆಯವರು ನಾನು ಬಾಯಿ ತೆರೆಯುವ ಮುಂಚೆಯೇ "ಆದ್ರೂ ನಿಮಗೆ ರಜೆ ಬೇಕಾದಷ್ಟು ಬಿಡಿ" ಅಂದುಬಿಡುತ್ತಾರೆ. ಅವರಿಗೆ ಉತ್ತರ ಬೇಕಿಲ್ಲ, ಇಲ್ಲಿಂದಲೇ ಎದ್ದು ಹೋಗಬಹುದು. ಎರಡನೆಯವರು ಹೊಸದಾಗಿ ಪಾಠಕ್ಕೆ ನಿಂತವರು. ಕೇಳುವಾಗಲೇ ಅವರ ಗಂಟಲು ಕಟ್ಟಿರುತ್ತದೆ. ಇದು ಅವರಿಗೆ.

ಒಂದು ಶನಿವಾರ ನಮಗೆಲ್ಲ 'ಒತ್ತಡ ನಿರ್ವಹಣೆ' ತರಬೇತಿ ಇಟ್ಟಿದ್ದರು. ಬಂದವರು ತಲೆಗೊಂದು ಬಲೂನು ಹಂಚಿದರು. ಇದ್ದಬದ್ದ ಚಿಂತೆಯನ್ನೆಲ್ಲ ಅದರೊಳಗೆ ಊದಿ ಪಟ್ಟಂತ ಒಡೆಯಬೇಕಂತೆ. ಬೆಳಿಗ್ಗೆಯಿಂದ ನಾಲ್ಕು ಪೀರಿಯಡ್ ಅರಚಿ ಬಂದವನಿಗೆ ಊದಲು ಉಸಿರೆಲ್ಲಿದೆ? ನನ್ನ ಬಲೂನು ಮುಷ್ಟಿ ಗಾತ್ರಕ್ಕೆ ಬಂದು ನಿಂತಿತು. "ಸಾರ್‌ಗೆ ಚಿಂತೆ ಕಡಿಮೆ ಅನ್ಸುತ್ತೆ" ಅಂದ ಆ ಪುಣ್ಯಾತ್ಮ. ಕಾಲ ಬುಡದ ಚೀಲದಲ್ಲಿ ನಲವತ್ತೆರಡು ಉತ್ತರಪತ್ರಿಕೆಗಳಿದ್ದವು, ಸೋಮವಾರಕ್ಕೆ ಅಂಕ ಕೊಡಬೇಕಿತ್ತು. ಕೊನೆಗೆ ರಬ್ಬರಿನ ಚೂರುಗಳನ್ನು ನಾವೇ ಗುಡಿಸಿ, ಒತ್ತಡ ಎಷ್ಟು ಇಳಿಯಿತು ಅಂತ ಎರಡು ಪುಟದ ವರದಿ ಬರೆದುಕೊಟ್ಟು ಮನೆಗೆ ಹೋದೆವು.

ದೀರ್ಘ ಉಸಿರಾಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಧಾನವಾಗಿ ಉಸಿರು ಬಿಟ್ಟರೆ ಎದೆಬಡಿತ ತಗ್ಗುತ್ತದೆ, ನಾನೂ ಮಾಡುತ್ತೇನೆ. ಆದರೆ ಮೂಟೆ ಹೊತ್ತವನಿಗೆ ಉಸಿರಾಡುವುದನ್ನು ಕಲಿಸಿ, ಮೂಟೆ ತಲೆಯ ಮೇಲೇ ಬಿಟ್ಟು ಹೋಗುವುದು ಯಾವ ಸೀಮೆ ಉಪಕಾರ? ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದಲ್ಲಿ ಬಸವಳಿದು ಬತ್ತಿಹೋಗುವುದನ್ನು, ಕಾಯಿಲೆ ಅನ್ನಲಿಲ್ಲ, ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೆ ಉಳಿದಾಗ ಆಗುವಂಥದ್ದು ಎಂದಿತು. ಅಂದರೆ ಬೇನೆ ಇರುವುದು ನನ್ನ ಶ್ವಾಸಕೋಶದಲ್ಲಲ್ಲ.

ಹಾಗಾಗಿ "ಹೇಗೆ ನಿಭಾಯಿಸ್ತೀರಿ" ಅನ್ನುವ ಬದಲು "ಏನೇನು ಮಾಡೋದು ಬಿಟ್ಟಿರಿ" ಅಂತ ಕೇಳಿದ್ದರೆ ನಾನು ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಿದ್ದೆ.

ಅರಚುವುದು ಬಿಟ್ಟೆ. ಗದ್ದಲವಾದರೆ ಬೋರ್ಡಿನ ಪಕ್ಕ ಸುಮ್ಮನೆ ನಿಲ್ಲುತ್ತೇನೆ. ಮೊದಲ ವಾರ ಮಕ್ಕಳು ನನ್ನನ್ನು ಗೋಡೆಯ ನಕ್ಷೆ ಅಂದುಕೊಂಡರು, ಆಮೇಲೆ ಸರಿಹೋಯಿತು. ಪ್ರಶ್ನೆ ಕೇಳಿ ನಾನೇ ಉತ್ತರ ಹೇಳುವುದನ್ನೂ ಬಿಟ್ಟೆ. ಮೇರಿ ಬಡ್ ರೋ ಎಂಬ ಸಂಶೋಧಕಿ ಗಮನಿಸಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ನನ್ನ ಗಂಟಲಿಗೆ ಸಿಗುವ ರಜೆ ಅದೇ, ಬೇಕಿದ್ದರೆ ಲೆಕ್ಕ ಹಾಕಿಕೊಳ್ಳಿ. ಪ್ರತಿ ತಪ್ಪಿಗೂ ಕೆಂಪು ಗೀಟು ಎಳೆಯುವುದು ಬಿಟ್ಟೆ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹಿಡಿಯುತ್ತೇನೆ. ರಾತ್ರಿ ಎಂಟರ ನಂತರ ಪೋಷಕರ ಮೆಸೇಜಿಗೆ ಉತ್ತರವಿಲ್ಲ. ಇದಕ್ಕೆ ಬೈಸಿಕೊಂಡಿದ್ದೇನೆ.

ಇದನ್ನೆಲ್ಲ ಬುದ್ಧಿವಂತಿಕೆಯಿಂದ ಬಿಟ್ಟೆ ಅಂದುಕೊಳ್ಳಬೇಡಿ. ಒಂದು ವರ್ಷ ನಾನು ಮಕ್ಕಳನ್ನು ನಂಬರಿನಲ್ಲೇ ಕರೆಯುತ್ತಿದ್ದೆ. ಹೆಸರು ನೆನಪಿಟ್ಟುಕೊಳ್ಳುವಷ್ಟು ತ್ರಾಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಂದು ಕಿರುಪರೀಕ್ಷೆಯ ಹಾಳೆಯಲ್ಲಿ ಹೆಸರಿನ ಜಾಗ ಖಾಲಿ ಇತ್ತು, ಕೆಳಗೆ 27 ಅಂತ ಅಚ್ಚುಕಟ್ಟಾಗಿ ಬರೆದಿತ್ತು. ಕರೆದು ಕೇಳಿದರೆ, "ನಂಬರ್ ಇದ್ರೆ ಸಾಕಲ್ವಾ ಸಾರ್?" ಅಂದಳು. ಕೊಂಕೇನೂ ಇರಲಿಲ್ಲ, ನಿಜವಾಗಿಯೇ ಕೇಳಿದ್ದಳು.

1981ರಲ್ಲಿ ಕ್ರಿಸ್ಟೀನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಬರ್ನ್‌ಔಟ್ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದು ಮೂರು ಸಂಗತಿ ನೋಡುತ್ತದೆ: ಭಾವ ಬತ್ತಿ ಸುಸ್ತಾಗುವುದು, ಎದುರಿಗಿರುವವರು ಮನುಷ್ಯರಾಗಿ ಕಾಣದೆ ಹೋಗುವುದು, ಮಾಡಿದ್ದೆಲ್ಲ ದಂಡ ಅನ್ನಿಸುವುದು. ಸುಸ್ತು ನನಗೆ ಗೊತ್ತಿತ್ತು, ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಎರಡನೆಯದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಹುಡುಗಿ ತೋರಿಸಿದಳು.

(ವಾರಗಟ್ಟಲೆ ನಿದ್ದೆಯಿಲ್ಲ, ಬೆಳಿಗ್ಗೆ ಶಾಲೆ ಅಂದರೆ ಹೊಟ್ಟೆ ತೊಳಸುತ್ತದೆ ಅನ್ನುವವರು ನನ್ನ ಬರಹ ಓದುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.)

ಅಂದು ಸಂಜೆ ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ, ಒಂದು ಹಾಳೆ ಕೊಟ್ಟು "ಪಾಠ ಬಿಟ್ಟು ನೀನು ಮಾಡೋ ಕೆಲಸ ಎಲ್ಲ ಬರಿ" ಅಂದರು. ಹನ್ನೊಂದು ಬಂದವು. ಅದರಲ್ಲಿ ಮೂರು ರಿಜಿಸ್ಟರುಗಳು, ಮೂರರಲ್ಲೂ ಅದೇ ಮಾಹಿತಿ. ಹಾಳೆ ಹಿಡಿದು ಹೆಡ್‌ಮಾಸ್ಟರ ಹತ್ತಿರ ಹೋದೆ. ಮೊದಲ ಸಲ "ನೋಡೋಣ" ಅಂದರು. ಎರಡನೇ ಸಲ ಮೂರೂ ರಿಜಿಸ್ಟರುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟೆ. ಒಂದು ಹೋಯಿತು. ಎರಡನೆಯದನ್ನು ಕೇಳಲು ಈ ಸೋಮವಾರ ಮತ್ತೆ ಹೋಗುತ್ತಿದ್ದೇನೆ.