ಅಂಕಸಮುದ್ರದ ಕೆರೆ, ತುಂಗಭದ್ರೆಯ ಹಿನ್ನೀರು: ನೀರಂಚಿನ ಹಕ್ಕಿಗಳ ಚಿತ್ರ ತೆಗೆಯಲು ಹೊರಡುವವರಿಗೆ

ನೀರಂಚಿನ ಹಕ್ಕಿಗಳನ್ನು ನೋಡಲು ಬಳ್ಳಾರಿಯಿಂದ ಈ ಕಡೆಗೆ ಹೊರಡುವವರು ಯಾವ ತಿಂಗಳು ಒಳ್ಳೆಯದು ಎಂದು ಕೇಳುವ ಮೊದಲು ತುಂಗಭದ್ರಾ ಜಲಾಶಯದ ಮಟ್ಟ ಎಷ್ಟಿದೆ ಎಂದು ವಿಚಾರಿಸುವುದು ಉತ್ತಮ. ಗರಿಷ್ಠ ಮಟ್ಟವಾದ 1633 ಅಡಿಗೆ ನೀರು ಹತ್ತಿರವಿರುವಾಗ ಅಲೆಗಳು ನೇರವಾಗಿ ಹೊಲದ ಬದುವಿಗೆ ಬಂದು ಬಡಿಯುತ್ತವೆ. ಕೆಸರಿನಲ್ಲಿ ಮೇಯುವ ನೀರಂಚಿನ ಹಕ್ಕಿಗಳಾದ ಗೊರವಗಳಿಗೆ ಕಾಲೂರಲು ಒಂದು ಗೇಣು ಕೆಸರೂ ಸಿಗುವುದಿಲ್ಲ. ಕಾಲುವೆಗಳಿಗೆ ನೀರು ಹರಿದು ಮಟ್ಟ ಇಳಿಯತೊಡಗಿದ ಮೇಲೆ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ, ಹಿನ್ನೀರಿನ ಅಂಚಿನಲ್ಲಿ ಹೊಸ ಕೆಸರು ತೆರೆದುಕೊಳ್ಳುತ್ತದೆ ಮತ್ತು ವಲಸೆ ಹಕ್ಕಿಗಳು ಆ ಅಂಚನ್ನೇ ಹಿಂಬಾಲಿಸುತ್ತವೆ. ಜಲಾಶಯದ ಮಟ್ಟ ನಮ್ಮ ಭಾಗದ ದಿನಪತ್ರಿಕೆಗಳಲ್ಲಿ ಬರುತ್ತದೆ. ಹೊರಡುವ ಮುನ್ನ ಒಂದು ವಾರ ಅದನ್ನು ಗಮನಿಸಿದರೆ ನೀರು ಇಳಿಯುತ್ತಿರುವ ವೇಗ ತಿಳಿಯುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯವಿದ್ದ ಈ ಜಲಾಶಯ ಹೂಳು ತುಂಬಿ ಇಂದು 106ರ ಆಸುಪಾಸಿಗೆ ಇಳಿದಿದೆ. ನಮ್ಮ ರೈತರ ಪಾಲಿಗೆ ಅದು ದೊಡ್ಡ ನಷ್ಟ. ಆದರೆ ಹುಳುಹುಪ್ಪಟೆಗಳಿಂದ ತುಂಬಿದ ಆ ಮೆತ್ತನೆಯ ಹೂಳೇ ಗೊರವಗಳಿಗೆ ಊಟ. ಎರಡೂ ಮಾತು ನಿಜವೆಂದು ಒಪ್ಪಿಕೊಂಡು ದಂಡೆಗೆ ಇಳಿಯಬೇಕಾಗುತ್ತದೆ.

ಎರಡನೆಯ ವಿಷಯ ಬೆಳಕು. ಅಣೆಕಟ್ಟಿನಿಂದ ಹಿನ್ನೀರು ಹೆಚ್ಚುಕಡಿಮೆ ನೈಋತ್ಯದ ಕಡೆಗೆ ಚಾಚಿಕೊಂಡಿರುವುದರಿಂದ, ಹೊಸಪೇಟೆ–ಹಗರಿಬೊಮ್ಮನಹಳ್ಳಿ ಕಡೆಯ ಬಲದಂಡೆಯಲ್ಲಿ ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಕೊಪ್ಪಳ ಕಡೆಯ ಎಡದಂಡೆಯಲ್ಲಿ ಅದೇ ಹೊತ್ತಿಗೆ ಬೆಳಕು ಕಣ್ಣಿಗೇ ಹೊಡೆದು ಹಕ್ಕಿಗಳೆಲ್ಲ ಕಪ್ಪು ನೆರಳಾಗಿ ಕಾಣುತ್ತವೆ, ಸಂಜೆಗೆ ಮಾತ್ರ ಅಲ್ಲಿನ ಬೆಳಕು ಸರಿಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಅಂಕಸಮುದ್ರ ಮತ್ತು ಬಲದಂಡೆ, ಸಂಜೆ ಮುನಿರಾಬಾದ್ ದಾಟಿ ಕೊಪ್ಪಳದ ದಂಡೆ ಎಂಬ ಕ್ರಮವನ್ನು ನಾವು ಅನುಸರಿಸಿದೆವು. ಒಂದೇ ದಿನವಿರುವವರಿಗೆ ನಾನು ಸೂಚಿಸುವುದೂ ಇದನ್ನೇ. ಬಳ್ಳಾರಿಯಿಂದ ಹೊಸಪೇಟೆಗೇ ಅರವತ್ತು ಕಿಲೋಮೀಟರ್ ಮೀರುವುದರಿಂದ ಹಿಂದಿನ ರಾತ್ರಿ ಹೊಸಪೇಟೆಯಲ್ಲಿ ಉಳಿದುಕೊಂಡು, ಸ್ವಂತ ವಾಹನದಲ್ಲಿ ಇನ್ನೂ ಕತ್ತಲಿರುವಾಗಲೇ ಹೊರಡುವುದು ಅನುಕೂಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮೊದಲು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಸುಮಾರು 244 ಎಕರೆಯ ಈ ಹಳೆಯ ನೀರಾವರಿ ಕೆರೆ ಈಗ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನೀರಿನೊಳಗೇ ನಿಂತಿರುವ ಜಾಲಿ ಮರಗಳೇ ಇದರ ಜೀವಾಳ. ಬಣ್ಣದ ಕೊಕ್ಕರೆ, ಕೊಕ್ಕರೆ ಜಾತಿಯದೇ ಆದ ಬಾಯ್ಕಳಕ, ಬಾಗಿದ ಕೊಕ್ಕಿನ ಬಿಳಿ ಕೆಂಬರಲು, ನೀರುಕಾಗೆಗಳು ಒಂದೇ ಮರದಲ್ಲಿ ಮಹಡಿ ಮಹಡಿಯಾಗಿ ಸಂಸಾರ ಹೂಡಿರುತ್ತವೆ. ಊರಿನವರು ಈ ಹಕ್ಕಿಗಳನ್ನು ತಮ್ಮವೆಂದೇ ನೋಡಿಕೊಳ್ಳುತ್ತಾರೆ, ಹಾಗಾಗಿ ಅವರನ್ನು ಮಾತನಾಡಿಸಿಯೇ ಮುಂದೆ ಹೋಗುವುದು ಮರ್ಯಾದೆ. ಗೂಡುಗಳ ಹತ್ತಿರ ಹೋಗಲು ಹಂಬಲಿಸಬೇಡಿ. ತಾಯಿಹಕ್ಕಿ ಹೆದರಿ ಎದ್ದುಹೋದ ಕೆಲವೇ ನಿಮಿಷಗಳಲ್ಲಿ ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ ಅಥವಾ ಕಾಗೆಯ ಪಾಲಾಗುತ್ತವೆ.

ಬಾಯ್ಕಳಕದ ಊಟವನ್ನು ನೋಡಲು ಸ್ವಲ್ಪ ಹೊತ್ತು ಮೀಸಲಿಡಿ. ಅದರ ಎರಡು ಕೊಕ್ಕುಗಳ ನಡುವೆ ಸದಾ ಒಂದು ಸಂದು ಉಳಿದಿರುತ್ತದೆ. ಕೆಸರಿನಲ್ಲಿ ತಡಕಾಡಿ ಸಿಕ್ಕ ಬಸವನಹುಳುವನ್ನು ಮೇಲಿನ ಕೊಕ್ಕಿನಿಂದ ನೆಲಕ್ಕೆ ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ಚೂಪಾದ ತುದಿಯನ್ನು ಚಿಪ್ಪಿನೊಳಗೆ ನುಗ್ಗಿಸಿ, ತಲೆಯನ್ನು ಕೊಡವಿ ಮಾಂಸವನ್ನಷ್ಟೇ ಎಳೆದುಕೊಳ್ಳುತ್ತದೆ. ಚಿಪ್ಪು ಅಲ್ಲೇ ಉಳಿಯುತ್ತದೆ. ಈ ಕೆಲಸ ಬಹುಪಾಲು ನೀರಿನೊಳಗೆ ನಡೆಯುವುದರಿಂದ ಅದು ತಲೆ ಎತ್ತುವ ಗಳಿಗೆಗಾಗಿ ಕಾಯಬೇಕು.

ಒಂಬತ್ತರ ಹೊತ್ತಿಗೆ ಬಿಸಿಲ ಝಳ ನೆಲದಿಂದ ಏಳತೊಡಗುತ್ತದೆ, ಆಮೇಲೆ ಎಷ್ಟು ಬೆಲೆಯ ಲೆನ್ಸ್ ಇದ್ದರೂ ದೂರದ ಹಕ್ಕಿ ಕದಡಿದಂತೆಯೇ ಬರುತ್ತದೆ. ಆ ಹೊತ್ತನ್ನು ಮಂಡಕ್ಕಿ ಒಗ್ಗರಣೆ–ಮಿರ್ಚಿಗೆ ಕೊಡುವುದೇ ಬುದ್ಧಿವಂತಿಕೆ.

ಮಧ್ಯಾಹ್ನ ಮೂರೂವರೆಯ ನಂತರ ಕೊಪ್ಪಳದ ದಂಡೆಗೆ ಬನ್ನಿ. ಇಲ್ಲಿ ಮರಗಳಿಲ್ಲ, ಬಯಲು ಮತ್ತು ಕೆಸರು ಅಷ್ಟೆ. ಅದೃಷ್ಟವಿದ್ದರೆ ದೂರದ ತೆಳುನೀರಿನಲ್ಲಿ ರಾಜಹಂಸಗಳ ಹಿಂಡೂ ಕಂಡೀತು. ಯಾವ ಹಕ್ಕಿ ಎಲ್ಲಿ ನಿಂತಿದೆ ಎಂಬುದೇ ಅರ್ಧ ಗುರುತು ಹೇಳಿಬಿಡುತ್ತದೆ. ಮೊಣಕಾಲು ಮುಳುಗುವ ನೀರಿನಲ್ಲಿ ನಸುಗೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳೂ ಉದ್ದ ಕೊಕ್ಕನ್ನು ಬುಡದವರೆಗೆ ಇಳಿಸುವ ಹಿನ್ನೀರ ಗೊರವಗಳೂ ಇರುತ್ತವೆ. ಒದ್ದೆ ಕೆಸರಿನ ಮೇಲೆ ಗುಬ್ಬಿಯಷ್ಟೇ ಗಾತ್ರದ ಪುಟ್ಟ ಗೊರವಗಳಾದ ಸ್ಟಿಂಟ್‌ಗಳು ತಲೆ ಎತ್ತದೆ ಕುಕ್ಕುತ್ತಿರುತ್ತವೆ. ಅದಕ್ಕೂ ಮೇಲೆ, ಒಣಗಿದ ಭಾಗದಲ್ಲಿ, ಓಡಿ ನಿಂತು ಮತ್ತೆ ಓಡುವುದು ಪ್ಲವರ್ ಎಂಬ ಗಿಡ್ಡ ಕೊಕ್ಕಿನ ಹಕ್ಕಿ. ನಿಂತಲ್ಲೇ ಬಾಲ ಕುಣಿಸುತ್ತಿದ್ದು ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದತ್ತ ಏರಿದ್ದರೆ ಅದು ಸಾಮಾನ್ಯ ಗೊರವ. ಗುರುತಿನಲ್ಲಿ ಅನುಮಾನವಿದ್ದಾಗ ಹಾರುವ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ, ರೆಕ್ಕೆಯ ಪಟ್ಟೆ ಮತ್ತು ಬಾಲದ ಮೇಲ್ಭಾಗದ ಬಿಳುಪು ಆಗಲೇ ಕಾಣುವುದು.

ನಾವು ಕೆಸರಿನ ಕಡೆಗೆ ಇನ್ನೊಂದಿಷ್ಟು ಇಳಿಯಲು ಹೊರಟಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ತಡೆದು, "ಮ್ಯಾಲೆ ಒಣಗೇತ್ರಿ, ಒಳಗ ಹಸೀನ ಐತಿ, ಮುಂದ ಹೋಗಬ್ಯಾಡ್ರಿ" ಎಂದರು. ಬಿರುಕು ಬಿಟ್ಟ ಮೇಲ್ಪದರವನ್ನು ನಂಬಿ ನಡೆದರೆ ತೊಡೆಯವರೆಗೆ ಹೂತುಹೋಗುವ ಜಾಗಗಳು ಇಲ್ಲಿವೆ. ಗಟ್ಟಿ ನೆಲದಲ್ಲಿ ಹೊಟ್ಟೆಯ ಮೇಲೆ ಮಲಗಿ, ಜೋಳ ತುಂಬಿದ ಸಣ್ಣ ಚೀಲದ ಮೇಲೆ ಲೆನ್ಸ್ ಇಟ್ಟು ಕಾಯುವುದು ಸುರಕ್ಷಿತ ಮಾತ್ರವಲ್ಲ, ಚಿತ್ರಕ್ಕೂ ಒಳ್ಳೆಯದು. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬಂದರೆ ಹಿನ್ನೆಲೆಯ ಕೆಸರು ಮಸುಕಾಗಿ ಹಿಂದೆ ಸರಿಯುತ್ತದೆ. ಅಲುಗಾಡದೆ ಇದ್ದರೆ ಹಕ್ಕಿಗಳೇ ಮೇಯುತ್ತಾ ಹತ್ತಿರ ಬರುತ್ತವೆ. 400ರಿಂದ 600 ಎಂ.ಎಂ. ಲೆನ್ಸ್ ಸಾಕು. ಮೇಯುವ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡ್, ಹಾರುವುದಕ್ಕೆ 1/2000 ಸೆಕೆಂಡಿಗಿಂತ ಹೆಚ್ಚು ವೇಗ ಇರಲಿ. ಕಪ್ಪು ಕೆಸರಿನ ಮುಂದೆ ಬಿಳಿ ಹಕ್ಕಿ ನಿಂತಾಗ ಕ್ಯಾಮೆರಾ ಮೋಸಹೋಗಿ ಬಿಳಿ ಗರಿಗಳ ವಿವರವನ್ನು ಅಳಿಸಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಶರ್ ಅನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ) ಇಳಿಸಿ.

ಮಾರ್ಚ್ ನಂತರ ಬರುವವರು ಕಾರನ್ನು ದಂಡೆಯ ಬಯಲಿಗೆ ಇಳಿಸಬಾರದು. ಟಿಟ್ಟಿಭ ಮತ್ತು ಮೆಟ್ಟುಗಾಲು ಹಕ್ಕಿಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ, ಮಣ್ಣಿನ ಬಣ್ಣದ ಆ ಮೊಟ್ಟೆಗಳು ಚಕ್ರದಡಿ ಸಿಕ್ಕಿದರೂ ತಿಳಿಯುವುದಿಲ್ಲ. ದಿನವನ್ನು ಆರಿಸುವಾಗ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಯನ್ನು ಬಿಡಿ. ಆ ದಿನಗಳಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಬರುವ ಭಕ್ತರಿಂದ ಮುನಿರಾಬಾದ್ ಸುತ್ತಲಿನ ರಸ್ತೆಗಳು ತುಂಬಿರುತ್ತವೆ, ಸಂಜೆಯ ಬೆಳಕು ನೀವು ದಾರಿಯಲ್ಲಿರುವಾಗಲೇ ಮುಗಿದುಹೋಗುತ್ತದೆ.