ಟೋಡ್‌ಸ್ಟೂಲ್ ಹವಳದ ತುಂಡು: ಎಂಟು ವಾರಗಳ ದಾಖಲೆ

ದಿನ 1: ನನ್ನ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿರುವ ಟೋಡ್‌ಸ್ಟೂಲನ್ನು, ಅಂದರೆ ಅಣಬೆಯಾಕಾರದ ಮೃದು ಹವಳವನ್ನು, ಕೊನೆಗೂ ಕತ್ತರಿಸಿದೆ. ಟೋಡ್‌ಸ್ಟೂಲ್‌ನ ಟೋಪಿ ಅಗಲವಾಗಿ, ಕೆಳಗಿನ ಹವಳಗಳಿಗೆ ಬೆಳಕೇ ಬೀಳುತ್ತಿರಲಿಲ್ಲ. ಗ್ಲೌಸ್, ಕನ್ನಡಕ ಹಾಕಿಕೊಂಡು, ತೊಟ್ಟಿಯ ನೀರು ತುಂಬಿದ ಬೇರೆ ಬೋಗುಣಿಯಲ್ಲಿ ಅಂಚಿನಿಂದ ಎರಡು ಬೆರಳಗಲ ತೆಗೆದೆ. ಮೃದು ಹವಳ ಅಂತಾರೆ, ಆದರೆ ಬ್ಲೇಡ್ ಇಳಿಯುವಾಗ ಮರಳು ಸಿಕ್ಕ ಹಾಗೆ ಕರಕರ ಅಂತು. ಮಾಂಸದೊಳಗೆ ಹರಡಿಕೊಂಡಿರುವ ಸುಣ್ಣದ ಕಣಗಳು ಅವು. ಟೋಡ್‌ಸ್ಟೂಲ್ ಸೇರುವ ಸಾರ್ಕೊಫೈಟಾನ್ ಕುಲದಲ್ಲಿ ಜಾತಿ ಗುರುತಿಸಲು ಅವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ನನ್ನದು ಗ್ಲಾಕಮ್ ಜಾತಿ ಅಂತ ಹೊರಗಿನ ನೋಟದಿಂದ ಹೇಳುವುದಿಲ್ಲ.

ದಿನ 3: ಸೂಪರ್ ಗ್ಲೂ ಹಿಡಿಯಲಿಲ್ಲ. ಲೋಳೆ ಬಿಟ್ಟುಕೊಂಡು ತುಂಡು ಜಾರಿ ಪಂಪಿನ ಹಿಂದೆ ಸಿಕ್ಕಿತ್ತು. ಈಗ ಸಣ್ಣ ಡಬ್ಬಿಯಲ್ಲಿ ಕಲ್ಲಿನ ಚೂರು ಹಾಕಿ, ತುಂಡನ್ನು ಅದರ ಮೇಲೆ ಇಟ್ಟು, ಬಲೆ ಕಟ್ಟಿದ್ದೇನೆ. ಮೊದಲೇ ಹೀಗೆ ಮಾಡಬೇಕಿತ್ತು.

ದಿನ 9: ತಾಯಿ ಹವಳ ಪೂರ್ತಿ ಮುದುಡಿದೆ. ಮೇಲೆ ಮೇಣ ಬಳಿದ ಹಾಗೆ ಹೊಳಪು. ಉಪ್ಪಿನಂಶ (ನೀರಿನ ಸಾಪೇಕ್ಷ ಸಾಂದ್ರತೆ) 1.025, ನೀರು 26 ಡಿಗ್ರಿ, ಎರಡೂ ಸರಿಯಿವೆ. ಇದು ಪೊರೆ ಕಳಚುವ ಕಾಲ. ಪಾಚಿ, ಕಸ ಎಲ್ಲ ಅದರ ಜೊತೆಗೇ ಹೋಗುತ್ತದೆ. ಗೊತ್ತಿದ್ದರೂ ನೋಡುವಾಗ ಸಂಕಟ ಆಗುತ್ತದೆ. ಕೈ ಹಾಕಲಿಲ್ಲ. ಪಂಪನ್ನು ಸ್ವಲ್ಪ ಅದರ ಕಡೆ ತಿರುಗಿಸಿದೆ, ನೀರಿನಲ್ಲಿನ ರಾಸಾಯನಿಕ ಹೀರುವ ಕಾರ್ಬನ್ ಬದಲಿಸಿದೆ. ಗಾಯವಾದ ಲೆದರ್ ಹವಳ (ಟೋಡ್‌ಸ್ಟೂಲ್ ಈ ಗುಂಪಿನದೇ) ನೀರಿಗೆ ಟರ್ಪೀನ್ ಜಾತಿಯ ರಾಸಾಯನಿಕ ಬಿಡುತ್ತದೆ, ಪಕ್ಕದ ಗಟ್ಟಿ ಹವಳಗಳಿಗೆ ಅದು ಆಗಿಬರುವುದಿಲ್ಲ.

ದಿನ 15: ಪೊರೆ ಹಾಳೆ ಹಾಳೆಯಾಗಿ ಎದ್ದು ಹೋಯಿತು! ಸಂಜೆಗೆ ಪಾಲಿಪ್‌ಗಳು, ಅಂದರೆ ಸೇರಿ ಹವಳವಾಗಿರುವ ಪುಟ್ಟ ಜೀವಿಗಳು, ಹೊರಗೆ ಬಂದವು, ಒಂದೊಂದಕ್ಕೂ ಎಂಟೆಂಟು ಗರಿಯಂಥ ಕರಬಳ್ಳಿ. ಭೂತಗನ್ನಡಿ ಹಿಡಿದರೆ ಅವುಗಳ ನಡುವೆ ಚುಕ್ಕಿಗಳು ಕಾಣುತ್ತವೆ. ಅವೂ ಪಾಲಿಪ್‌ಗಳೇ. ಅವುಗಳ ಕೆಲಸ ಹವಳದೊಳಗೆ ನೀರು ಹರಿಸುವುದು. ಟೋಪಿ ಉಬ್ಬಿ ನಿಲ್ಲುವುದು ಆ ನೀರಿನಿಂದಲೇ. ಇಷ್ಟು ದಿನ ಸುಮ್ನೆ ಚುಕ್ಕಿ ಅಂದುಕೊಂಡಿದ್ದೆ. ಅರ್ಧ ಗಂಟೆ ನೋಡುತ್ತಾ ಕೂತಿದ್ದೆ.

ದಿನ 27: ತುಂಡು ಎರಡು ಕಲ್ಲಿನ ಚೂರನ್ನು ಕಚ್ಚಿಕೊಂಡಿದೆ. ಬಲೆ ತೆಗೆದೆ.

ದಿನ 56: ಕತ್ತರಿಸಿದ ಕಡೆ ದುಂಡಗಾಗಿದೆ, ಕೆಳಗೆ ಕಾಂಡದ ಹಾಗೆ ಸಣ್ಣ ಉಬ್ಬು. ಪಾಲಿಪ್ ಹನ್ನೊಂದು ತೆರೆದಿವೆ, ತಾಯಿ ಹವಳದವಕ್ಕಿಂತ ಗಿಡ್ಡ. ಗ್ಲೂ ಕಲ್ಲಿಗಾದರೆ ಚೆನ್ನಾಗಿ ಹಿಡಿಯುತ್ತದೆ ಅಲ್ವಾ, ನಾಳೆ ಆ ಚೂರುಗಳನ್ನೇ ಬಲಗಡೆ ಬಂಡೆಗೆ ಅಂಟಿಸುತ್ತೇನೆ. ಈ ಸಲ ಟೋಪಿ ಹರಡಲು ಜಾಗ ಜಾಸ್ತಿ ಬಿಟ್ಟಿದ್ದೇನೆ.